ಜೆಸಿಬಿ, ಲೋಡರ್‌ಗಳ ಆಕ್ಸಲ್ ಗೇರ್ ಆಯಿಲ್ ಬದಲಾವಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಜಿನ್ ಆಯಿಲ್ ವಿಷಯದಲ್ಲಿ ನಮ್ಮ ಯಂತ್ರದ ಮಾಲೀಕರು ಭಾರಿ ಹುಷಾರು. ಯಂತ್ರ ಓಡಿದ ಗಂಟೆಯ ಲೆಕ್ಕ ತುಂಬುತ್ತಾ ಬಂದರೆ ಆಪರೇಟರೇ ಫೋನ್ ಮಾಡಿ ನೆನಪಿಸುತ್ತಾನೆ. ಆಕ್ಸಲ್ ಆಯಿಲ್ ಮಾತ್ರ ಸೀಲ್ ಸೋರಿ ಚಕ್ರದ ಒಳಮೈ ಒದ್ದೆಯಾಗುವ ತನಕ ಯಾರಿಗೂ ನೆನಪಾಗುವುದಿಲ್ಲ. ಆ ಹೊತ್ತಿಗೆ ಒಳಗೆ ಏನಾಗಬೇಕೋ ಅದು ಆಗಿರುತ್ತದೆ.

ಇಲ್ಲಿರುವ ಉತ್ತರಗಳು ಮುಖ್ಯವಾಗಿ ಬ್ಯಾಕ್‌ಹೋ ಲೋಡರ್ ಮತ್ತು ವೀಲ್ ಲೋಡರ್‌ಗಳಿಗೆ ಸಂಬಂಧಿಸಿದವು. ಯಾವ ಕಂಪನಿಯ ಬ್ಯಾಕ್‌ಹೋ ಆದರೂ ಊರಿನ ಬಾಯಲ್ಲಿ ಅದು ಜೆಸಿಬಿಯೇ, ಹಾಗಾಗಿ ಇಲ್ಲೂ ಹಾಗೇ ಕರೆದಿದ್ದೇವೆ. ಚೈನ್ ಯಂತ್ರ, ಗ್ರೇಡರ್, ಮಿಕ್ಸರ್‌ಗಳ ಮಾತು ಕೊನೆಯ ಕಡೆ ಇದೆ.

ಆಕ್ಸಲ್‌ನಲ್ಲಿ ಆಯಿಲ್ ಎಲ್ಲೆಲ್ಲಿ ಇರುತ್ತದೆ? ಒಂದು ಪ್ಲಗ್ ಬಿಚ್ಚಿದರೆ ಎಲ್ಲಾ ಇಳಿಯುವುದಿಲ್ಲವೇ?

ಹೆಚ್ಚಿನ ಯಂತ್ರಗಳಲ್ಲಿ ಇಳಿಯುವುದಿಲ್ಲ. ನಡುವಿನ ದಪ್ಪ ಹೌಸಿಂಗ್‌ನಲ್ಲಿ ಕ್ರೌನ್, ಪಿನಿಯನ್ ಎಂಬ ಜೋಡಿ ಗೇರ್‌ಗಳು ಮತ್ತು ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ ಇರುತ್ತವೆ. ಅಲ್ಲಿಂದ ಹೊರಟ ಶಾಫ್ಟ್‌ಗಳು ಎರಡೂ ತುದಿಯ ಹಬ್‌ಗಳಿಗೆ ಹೋಗುತ್ತವೆ. ಹಬ್ಬಿನೊಳಗೆ ಸನ್ ಗೇರ್, ಅದರ ಸುತ್ತ ಪ್ಲಾನೆಟರಿ ಗೇರ್‌ಗಳು. ವೇಗ ಕಡಿಮೆಯಾಗಿ ಚಕ್ರಕ್ಕೆ ಎಳೆಯುವ ಶಕ್ತಿ ಬರುವುದೇ ಇಲ್ಲಿ. ಹಲವು ಜೆಸಿಬಿಗಳಲ್ಲಿ ನಡುವಿನ ಹೌಸಿಂಗ್‌ಗೆ ಬೇರೆ ಆಯಿಲ್, ಎರಡು ಹಬ್‌ಗಳಿಗೆ ಬೇರೆ ಬೇರೆ ಆಯಿಲ್. ಅಂದರೆ ಒಂದು ಆಕ್ಸಲ್‌ಗೆ ಮೂರು ಕಡೆ ಇಳಿಸಬೇಕು, ಮೂರು ಕಡೆ ತುಂಬಬೇಕು. ನಾಲ್ಕು ಚಕ್ರದ ಡ್ರೈವ್ ಇದ್ದರೆ ಮುಂದಿನ ಆಕ್ಸಲ್ ಸೇರಿ ಆರು ಕಡೆ.

ಇನ್ನು ಕೆಲವು ಲೋಡರ್‌ಗಳಲ್ಲಿ ನಡುವಿನ ಹೌಸಿಂಗ್‌ಗೂ ಹಬ್‌ಗಳಿಗೂ ಒಂದೇ ಆಯಿಲ್ ಓಡಾಡುತ್ತದೆ. ಅಲ್ಲೂ ಹಬ್ಬಿನ ತಳದಲ್ಲಿ ಸ್ವಲ್ಪ ಆಯಿಲ್ ಉಳಿಯುವುದರಿಂದ ಹಬ್ ಪ್ಲಗ್ ಬಿಚ್ಚಲೇಬೇಕು. ನಡುವಿನ ಪ್ಲಗ್ ಮಾತ್ರ ಬಿಚ್ಚಿ "ಆಯ್ತು ಸಾರ್" ಎಂದ ಕೆಲಸ ಅರ್ಧ ಕೆಲಸ. ಅತಿ ಹೆಚ್ಚು ಬಿಸಿಯಾಗುವ, ಅತಿ ಕಡಿಮೆ ಆಯಿಲ್ ಇರುವ ಹಬ್‌ಗಳೇ ತಪ್ಪಿಹೋಗಿರುತ್ತವೆ.

ಎಷ್ಟು ಗಂಟೆಗೊಮ್ಮೆ ಬದಲಿಸಬೇಕು?

ಬ್ಯಾಕ್‌ಹೋಗಳಿಗೆ ಸಾಮಾನ್ಯವಾಗಿ 1000 ಗಂಟೆ. ವೀಲ್ ಲೋಡರ್‌ಗಳಲ್ಲಿ ಕೆಲವಕ್ಕೆ 1000, ಕೆಲವಕ್ಕೆ 2000. ನಿಮ್ಮ ಯಂತ್ರದ ಸರಿಯಾದ ಲೆಕ್ಕ ಅದರ ಮ್ಯಾನ್ಯುವಲ್‌ನಲ್ಲೇ ಇದೆ, ಅದೇ ಕೊನೆಯ ಮಾತು. ತಿಂಗಳಿಗೆ ಇಪ್ಪತ್ತೈದು ದಿನ, ದಿನಕ್ಕೆ ಎಂಟು ಗಂಟೆ ಓಡುವ ಬಾಡಿಗೆ ಯಂತ್ರಕ್ಕೆ ಐದೇ ತಿಂಗಳಲ್ಲಿ 1000 ತುಂಬುತ್ತದೆ. "ವರ್ಷಕ್ಕೊಮ್ಮೆ ದಸರಾ ಪೂಜೆಗೆ ಮುಂಚೆ ಮಾಡಿಸ್ತೀವಿ" ಎನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಹೊಸ ಯಂತ್ರದ್ದು ಬೇರೆ ಲೆಕ್ಕ. ಹೊಸ ಗೇರ್‌ಗಳ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಸಣ್ಣ ಲೋಹದ ಪುಡಿ ಬಿಡುತ್ತವೆ. ಆ ಪುಡಿ ಹೊರಗೆ ಹೋಗಲೆಂದು ಹಲವು ಕಂಪನಿಗಳು ಮೊದಲ ಬದಲಾವಣೆಯನ್ನು 100 ಗಂಟೆಯ ಆಸುಪಾಸಿನಲ್ಲೇ ಹೇಳುತ್ತವೆ. ಗೇರ್ ಅಥವಾ ಬೇರಿಂಗ್ ಹೊಸದಾಗಿ ಕೂರಿಸಿದ ಆಕ್ಸಲ್‌ಗೂ ಇದೇ ಕ್ರಮ ಒಳ್ಳೆಯದು.

ಯಂತ್ರ ಹೆಚ್ಚು ಓಡಿಲ್ಲ, ವರ್ಷ ಮಾತ್ರ ಆಗಿದೆ. ಬಿಡಬಹುದೇ?

ಬೇಡ. ನಿಂತ ಯಂತ್ರದ ಆಕ್ಸಲ್‌ನೊಳಗೆ ಹಗಲು ರಾತ್ರಿಯ ಬಿಸಿ ತಂಪಿಗೆ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಮಳೆಗಾಲ ಪೂರ್ತಿ ಶೆಡ್ಡಿನ ಹೊರಗೆ ನಿಂತಿದ್ದರೆ ಗಂಟೆ ಎಷ್ಟಾಗಿದೆ ಎಂದು ನೋಡುವುದೇ ಬೇಡ.

ಅಂಗಡಿಯಲ್ಲಿ "ಇಪಿ 90 ಕೊಡಿ" ಎಂದರೆ ಸಾಕಲ್ಲವೇ?

ಅತಿ ಹೆಚ್ಚು ಹಣ ಕಳೆಯುವುದು ಈ ಒಂದು ವಾಕ್ಯದಲ್ಲಿ. ಇಪಿ 90 ಎಂಬುದರಲ್ಲಿ ಎರಡೇ ಮಾಹಿತಿ ಇದೆ: ಆಯಿಲ್‌ನ ದಪ್ಪ, ಮತ್ತು ಹೆಚ್ಚಿನ ಒತ್ತಡ ತಡೆಯುವ ಗಂಧಕ, ರಂಜಕದ ರಾಸಾಯನಿಕ ಅದರಲ್ಲಿ ಇದೆ ಎಂಬುದು. ಗೇರ್ ಆಯಿಲ್‌ನ ಕಾಯುವ ಗುಣಕ್ಕೆ ಕೊಡುವ ಎಪಿಐ ದರ್ಜೆಯಲ್ಲಿ ಅದು ಜಿಎಲ್-4 ಮಟ್ಟದ್ದೋ ಜಿಎಲ್-5 ಮಟ್ಟದ್ದೋ ಗೊತ್ತಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆಯಿಲ್‌ನೊಳಗೆ ಮುಳುಗಿರುವ ಬ್ರೇಕಿಗೆ ಅದು ಆಗಿಬರುತ್ತದೋ ಇಲ್ಲವೋ ತಿಳಿಯುವುದಿಲ್ಲ.

ಲಾರಿಯ ಬ್ರೇಕ್ ಡ್ರಮ್ ಆಕ್ಸಲ್‌ನ ಹೊರಗೆ, ಒಣಗಿ ಇರುತ್ತದೆ. ಅಲ್ಲಿ ಗೇರ್ ಆಯಿಲ್‌ಗೆ ಗೇರ್ ಕಾಯುವುದೊಂದೇ ಕೆಲಸ. ಇವತ್ತಿನ ಬಹುತೇಕ ಬ್ಯಾಕ್‌ಹೋ ಮತ್ತು ಲೋಡರ್‌ಗಳಲ್ಲಿ ಬ್ರೇಕ್ ಪ್ಲೇಟ್‌ಗಳು ಆಕ್ಸಲ್ ಆಯಿಲ್‌ನಲ್ಲೇ ಮುಳುಗಿವೆ, ವೆಟ್ ಬ್ರೇಕ್ ಎನ್ನುವುದು ಇದನ್ನೇ. ಗೇರ್‌ಗೆ ಬೇಕಾದ್ದು ಜಾರುವಿಕೆ, ಬ್ರೇಕ್ ಪ್ಲೇಟ್‌ಗೆ ಬೇಕಾದ್ದು ಹಿಡಿತ, ಎರಡನ್ನೂ ಒಂದೇ ಆಯಿಲ್ ಕೊಡಬೇಕು. ಅದಕ್ಕೆಂದೇ ಇಂಥ ಆಕ್ಸಲ್ ಆಯಿಲ್‌ಗಳಲ್ಲಿ ಘರ್ಷಣೆಯನ್ನು ಹದ ಮಾಡುವ ಬೇರೊಂದು ರಾಸಾಯನಿಕ ಸೇರಿರುತ್ತದೆ. ಲಾರಿಗೆಂದು ಮಾಡಿದ ಸಾದಾ ಜಿಎಲ್-5 ಆಯಿಲ್‌ನಲ್ಲಿ ಅದು ಇರುವುದಿಲ್ಲ.

ಹಾಗಾಗಿ ಅಂಗಡಿಗೆ ಹೋಗುವ ಮುನ್ನ ಮ್ಯಾನ್ಯುವಲ್‌ನಲ್ಲಿ ಆಕ್ಸಲ್‌ಗೆ ಬರೆದ ಸಾಲನ್ನು ಪೂರ್ತಿ ಫೋಟೊ ತೆಗೆದುಕೊಳ್ಳಿ. ಕೆಲವು ಕಂಪನಿಗಳು ತಮ್ಮದೇ ಹೆಸರಿನ ವೆಟ್ ಬ್ರೇಕ್ ಆಕ್ಸಲ್ ಆಯಿಲ್ ಹೇಳುತ್ತವೆ. ಕೆಲವು ಟ್ರ್ಯಾಕ್ಟರ್‌ಗೆ ಹಾಕುವ ಯುಟಿಟಿಒ ಜಾತಿಯ ಆಯಿಲ್ ಹೇಳುತ್ತವೆ. ಇನ್ನು ಕೆಲವು ಜಿಎಲ್-5 ಜೊತೆಗೆ ಲಿಮಿಟೆಡ್ ಸ್ಲಿಪ್‌ಗೆ (ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಡಿಫರೆನ್ಷಿಯಲ್‌ಗೆ) ಒಪ್ಪುವ ಗುಣ ಇರಬೇಕು ಎನ್ನುತ್ತವೆ. ಸರ್ವೋ, ಮ್ಯಾಕ್, ಎಚ್‌ಪಿ, ಕ್ಯಾಸ್ಟ್ರಾಲ್, ಯಾವ ಬ್ರಾಂಡ್ ಎಂಬುದು ಆಮೇಲಿನ ಪ್ರಶ್ನೆ. ಆಯಿಲ್ ಬಕೆಟ್ಟಿನ ಮೇಲಿನ ಸಾಲು ಮ್ಯಾನ್ಯುವಲ್ ಸಾಲಿಗೆ ತಾಳೆಯಾಗಬೇಕು, ಅಷ್ಟೇ.

ಆಯಿಲ್ ಬದಲಿಸಿದ ಮೇಲೆ ಬ್ರೇಕ್ ಹಿಡಿದಾಗ ಹಿಂದಿನಿಂದ "ಗುರ್‌ರ್" ಎಂಬ ಸದ್ದು. ಮೆಕ್ಯಾನಿಕ್ ಬ್ರೇಕ್ ಪ್ಲೇಟ್ ಬದಲಿಸಬೇಕು ಎನ್ನುತ್ತಿದ್ದಾನೆ.

ಪ್ಲೇಟ್‌ಗೆ ಕೈ ಹಾಕುವ ಮುಂಚೆ ಆಯಿಲ್ ಬಕೆಟ್ ತೋರಿಸಿ ಎನ್ನಿ. ಬದಲಿಸುವ ಹಿಂದಿನ ದಿನದವರೆಗೆ ಇಲ್ಲದ ಸದ್ದು ಬದಲಿಸಿದ ಮೇಲೆ ಬಂದಿದ್ದರೆ ಮೊದಲ ಅನುಮಾನ ಆಯಿಲ್ ಮೇಲೆಯೇ. ಪ್ಲೇಟ್‌ಗಳು ಹಿಡಿದು, ಜಾರಿ, ಮತ್ತೆ ಹಿಡಿಯುವಾಗ ಇಡೀ ಆಕ್ಸಲ್ ನಡುಗಿ ಆ ಸದ್ದು ಹುಟ್ಟುತ್ತದೆ. ತಡಮಾಡದೆ ತಪ್ಪು ಆಯಿಲ್ ಇಳಿಸಿ, ಸರಿಯಾದದ್ದನ್ನು ತುಂಬಿ, ಕೆಲವು ದಿನ ಓಡಿಸಿ ನೋಡಿ. ಬಹಳ ಸಲ ಸದ್ದು ಅಡಗುತ್ತದೆ. ಹಾಗೇ ತಿಂಗಳುಗಟ್ಟಲೆ ಓಡಿಸಿದ್ದರೆ ಪ್ಲೇಟಿನ ಮೈ ಗಾಜಿನಂತೆ ನುಣುಪಾಗಿರುತ್ತದೆ, ಆಗ ಮೆಕ್ಯಾನಿಕ್ ಹೇಳಿದ್ದೇ ಸರಿ.

ಇಂಜಿನ್‌ಗೆ 40, ಆಕ್ಸಲ್‌ಗೆ 90. ಅಂದರೆ ದುಪ್ಪಟ್ಟಿಗಿಂತ ದಪ್ಪ ಅಲ್ಲವೇ?

ಅಲ್ಲ. ಎರಡಕ್ಕೂ ಅಳತೆಗೋಲು ಬೇರೆ. ಗೇರ್ ಆಯಿಲ್‌ನ ಎಸ್‌ಎಇ 90 ಮತ್ತು ಇಂಜಿನ್ ಆಯಿಲ್‌ನ ಎಸ್‌ಎಇ 40 ಅಥವಾ 50 ಬಿಸಿಯಲ್ಲಿ ಹೆಚ್ಚುಕಡಿಮೆ ಒಂದೇ ದಪ್ಪ. ದಪ್ಪ ಒಂದೇ ಎಂದು ಒಂದರ ಬದಲು ಇನ್ನೊಂದನ್ನು ಸುರಿಯಬೇಡಿ, ಒಳಗಿನ ರಾಸಾಯನಿಕ ಬೇರೆ.

ಕಲಬುರಗಿ, ರಾಯಚೂರಿನ ಬಿಸಿಲಿಗೆ 85ಡಬ್ಲ್ಯೂ-140 ಹಾಕುವುದು ಒಳ್ಳೆಯದಲ್ಲವೇ?

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರುಗಳಲ್ಲಿ ಈ ಪ್ರಶ್ನೆ ಸಹಜ. ಒಣ ಬ್ರೇಕಿನ ಟಿಪ್ಪರ್ ಆಕ್ಸಲ್‌ಗೆ, ಮ್ಯಾನ್ಯುವಲ್ ಒಪ್ಪಿದರೆ, 90ಕ್ಕಿಂತ ದಪ್ಪನೆಯ 140 ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬ್ರೇಕ್ ಪ್ಲೇಟ್‌ಗಳು ಆಯಿಲ್‌ನಲ್ಲಿ ಮುಳುಗಿರುವ ಆಕ್ಸಲ್‌ಗೆ ಅನಗತ್ಯವಾಗಿ ದಪ್ಪ ಆಯಿಲ್ ಹಾಕಿದರೆ, ಬ್ರೇಕ್ ಬಿಟ್ಟಾಗಲೂ ಪ್ಲೇಟ್‌ಗಳ ನಡುವೆ ಅದು ಎಳೆದುಕೊಂಡೇ ತಿರುಗುತ್ತದೆ. ಅದರಿಂದ ಬಿಸಿ ಇಳಿಯುವ ಬದಲು ಏರುತ್ತದೆ.

ಹೆಸರಿನ ಮುಂದಿನ 80ಡಬ್ಲ್ಯೂ, 85ಡಬ್ಲ್ಯೂ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಎಂಬುದರ ಲೆಕ್ಕ, ಅದೂ ಸೊನ್ನೆಗಿಂತ ಕೆಳಗಿನ ಚಳಿ. ಲಡಾಖ್‌ನಲ್ಲಿ ರಸ್ತೆ ಕೆಲಸಕ್ಕೆ ಹೋದ ಯಂತ್ರಕ್ಕೆ ಅದು ಮುಖ್ಯ, ನಮಗೆ ಅಷ್ಟಿಲ್ಲ.

ಎರಡು ಬ್ರಾಂಡ್ ಬೆರೆಸಬಹುದೇ?

ಒಂದೇ ದರ್ಜೆ, ಒಂದೇ ಬಗೆಯದಾದರೆ ತುರ್ತಿಗೆ ಒಂದೆರಡು ಲೀಟರ್ ಸೇರಿಸಿ ಕೆಲಸ ಮುಗಿಸಬಹುದು. ವೆಟ್ ಬ್ರೇಕ್ ಆಯಿಲ್‌ಗೆ ಸಾದಾ ಇಪಿ 90 ಬೆರೆಸುವುದು ಮಾತ್ರ ಬೇಡವೇ ಬೇಡ. ಇನ್ನೊಂದು ಮಾತು: ಬಕೆಟ್ಟಿನಲ್ಲಿ ಮಿಕ್ಕಿದ ಆಕ್ಸಲ್ ಆಯಿಲ್ ವ್ಯರ್ಥವಾಗುತ್ತದೆ ಎಂದು ಜೆಸಿಬಿಯ ಟ್ರಾನ್ಸ್‌ಮಿಷನ್‌ಗೆ ಸುರಿಯುವವರಿದ್ದಾರೆ. ಅಲ್ಲಿ ಕ್ಲಚ್ ಪ್ಯಾಕ್‌ಗಳಿವೆ, ಅದಕ್ಕೆ ತೆಳುವಾದ ಬೇರೆ ಆಯಿಲ್ ಬೇಕು.

ಸರಿ, ಬದಲಿಸುವ ಕ್ರಮ ಹೇಗೆ?

ಯಂತ್ರ ಸ್ವಲ್ಪ ಕೆಲಸ ಮಾಡಿ ಬಂದಾಗ ಇಳಿಸಿ. ತಣ್ಣಗಿನ ಗೇರ್ ಆಯಿಲ್ ನಿಧಾನಕ್ಕೆ ಇಳಿಯುತ್ತದೆ, ತಳದ ಕೆಸರನ್ನು ಒಳಗೇ ಬಿಟ್ಟು ಬರುತ್ತದೆ. ಬೆಚ್ಚಗಿದ್ದರೆ ಕೆಸರಿನ ಸಮೇತ ಬರುತ್ತದೆ. ಆದರೆ ದಿನವಿಡೀ ರಸ್ತೆಯಲ್ಲಿ ಓಡಿ ಬಂದ ಹಬ್ಬನ್ನು ಕೂಡಲೇ ಬಿಚ್ಚಬೇಡಿ. ಕೈ ಸುಡುತ್ತದೆ, ಒಳಗೆ ಒತ್ತಡವೂ ಇರಬಹುದು.

ಜಾಗ ಸಮತಟ್ಟಾಗಿರಲಿ. ಯಂತ್ರದ ಬಕೆಟ್ ನೆಲಕ್ಕೆ ಊರಿ, ಪಾರ್ಕಿಂಗ್ ಬ್ರೇಕ್ ಹಾಕಿ, ಇಂಜಿನ್ ನಿಲ್ಲಿಸಿ, ಕೀಲಿ ನಿಮ್ಮ ಜೇಬಿನಲ್ಲಿರಲಿ. ಚಕ್ರಗಳಿಗೆ ಎರಡೂ ಕಡೆ ಅಡೆ ಕೊಡಿ. ಸ್ಟೆಬಿಲೈಸರ್ ಕಾಲಿನ ಮೇಲೆ ಯಂತ್ರ ಎತ್ತಿ ಅದರಡಿ ನುಗ್ಗುವುದು ನಮ್ಮ ಸೈಟ್‌ಗಳಲ್ಲಿ ದಿನವೂ ಕಾಣುವ ದೃಶ್ಯ. ಹೋಸ್ ಒಂದು ಒಡೆದರೆ ಓಡಿ ಬರಲು ಸಮಯ ಸಿಗುವುದಿಲ್ಲ. ಎತ್ತಲೇಬೇಕಾದರೆ ಭಾರ ತಡೆಯುವ ಸ್ಟ್ಯಾಂಡ್ ಕೊಟ್ಟ ಮೇಲೆಯೇ ಅಡಿಗೆ ಹೋಗಿ.

ಪ್ಲಗ್‌ಗಳ ಸುತ್ತಲಿನ ಮಣ್ಣು, ಗ್ರೀಸ್ ಎಲ್ಲಾ ವೈರ್ ಬ್ರಷ್‌ನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ. ಆಮೇಲೆ ಮೊದಲು ತುಂಬುವ ಪ್ಲಗ್ ಬಿಚ್ಚಿ, ಕೆಳಗಿನದಕ್ಕೆ ಇನ್ನೂ ಕೈ ಹಚ್ಚಬೇಡಿ. ಹಳೆಯ ಯಂತ್ರದಲ್ಲಿ ತುಂಬುವ ಪ್ಲಗ್ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಕೆಳಗಿನದನ್ನು ಮೊದಲು ಬಿಚ್ಚಿ ಆಯಿಲ್ ಎಲ್ಲಾ ಚೆಲ್ಲಿದ ಮೇಲೆ ಮೇಲಿನದು ಬರದಿದ್ದರೆ ಯಂತ್ರ ಅಲ್ಲೇ ನಿಲ್ಲುತ್ತದೆ. ಮೇಲಿನದು ತೆರೆದರೆ ಗಾಳಿ ಆಡಿ ಕೆಳಗಿನಿಂದ ಆಯಿಲ್ ಧಾರಾಳವಾಗಿ ಇಳಿಯುತ್ತದೆ ಎಂಬುದೂ ಇದೆ.

ಧಾರೆ ನಿಂತು ಹನಿಯಾಗುವ ತನಕ ಬಿಡಿ. ಡ್ರೈನ್ ಪ್ಲಗ್‌ನ ಅಯಸ್ಕಾಂತವನ್ನು ಒರೆಸುವ ಮುನ್ನ ಚೆನ್ನಾಗಿ ನೋಡಿ, ಆ ವಿಷಯ ಮುಂದೆ ಇದೆ. ವಾಷರ್ ಅಥವಾ ಓ-ರಿಂಗ್ ಹೊಸದು ಹಾಕಿ. ಹತ್ತಿಪ್ಪತ್ತು ರೂಪಾಯಿಯ ವಾಷರ್ ಉಳಿಸಿ ಲೀಟರ್‌ಗಟ್ಟಲೆ ಆಯಿಲ್ ಸೋರಿಸಿಕೊಳ್ಳುವುದು ಯಾವ ಉಳಿತಾಯ? ಮೊನಚಾಗಿ ಇಳಿಯುವ ಟೇಪರ್ ಪ್ಲಗ್‌ಗೆ ವಾಷರ್ ಇರುವುದಿಲ್ಲ. ಅದನ್ನು ಪೈಪ್ ಹಾಕಿ ಮೈಬಲದಿಂದ ತಿರುಗಿಸಿದರೆ ಎರಕದ ಹೌಸಿಂಗ್ ಸೀಳುತ್ತದೆ.

ತುಂಬುವಾಗ ಆತುರ ಬೇಡ. ಆಯಿಲ್ ಒಳಗೆ ಹರಿದು ಹರಡಲು ಸಮಯ ಬೇಕು. ರಂಧ್ರದ ಅಂಚಿಗೆ ಬಂತೆಂದು ಪ್ಲಗ್ ಹಾಕಿ ಎದ್ದರೆ ಹತ್ತು ನಿಮಿಷದಲ್ಲಿ ಮಟ್ಟ ಇಳಿದಿರುತ್ತದೆ. ಒಂದು ಚಹಾ ಕುಡಿದು ಬಂದು ಮತ್ತೆ ನೋಡಿ, ಬೇಕಾದಷ್ಟು ಸೇರಿಸಿ. ಆಮೇಲೆ ಯಂತ್ರವನ್ನು ಸ್ವಲ್ಪ ಹಿಂದೆ ಮುಂದೆ ಓಡಿಸಿ, ಕೆಲವು ಸಲ ಬ್ರೇಕ್ ಒತ್ತಿ, ನಿಲ್ಲಿಸಿ ಮತ್ತೊಮ್ಮೆ ಮಟ್ಟ ನೋಡಿ.

ಹಬ್ಬಿಗೆ ಒಂದೇ ಪ್ಲಗ್ ಇದೆ. ಅದರಲ್ಲೇ ಇಳಿಸುವುದು, ಅದರಲ್ಲೇ ತುಂಬುವುದು ಹೇಗೆ?

ಚಕ್ರ ತಿರುಗಿಸುವುದೇ ಉಪಾಯ. ಪ್ಲಗ್ ನೆಲದ ಕಡೆ, ಅಂದರೆ ಗಡಿಯಾರದ ಆರರ ಜಾಗಕ್ಕೆ ಬಂದಾಗ ಬಿಚ್ಚಿ ಇಳಿಸಿ. ತುಂಬುವಾಗ ಅದೇ ಪ್ಲಗ್ ಮೂರರ ಅಥವಾ ಒಂಬತ್ತರ ಜಾಗಕ್ಕೆ ಬರಬೇಕು. ಹಲವು ಹಬ್‌ಗಳ ಮುಖದ ಮೇಲೆ ಮಟ್ಟದ ಗೆರೆಯೊಂದನ್ನು ಎರಕದಲ್ಲೇ ಮೂಡಿಸಿರುತ್ತಾರೆ. ಕೆಂಪು ಮಣ್ಣು ಮೆತ್ತಿ ಕಾಣುತ್ತಿರುವುದಿಲ್ಲ, ಉಜ್ಜಿದರೆ ಸಿಗುತ್ತದೆ. ಆ ಗೆರೆ ನೆಲಕ್ಕೆ ಸಮಾನಾಂತರವಾಗಿರುವಾಗ ರಂಧ್ರದ ಅಂಚಿಗೆ ಆಯಿಲ್ ಬಂದರೆ ಅಳತೆ ಸರಿ.

ಎಡ ಹಬ್ಬಿನ ಪ್ಲಗ್ ಕೆಳಗೆ ಬಂದಾಗ ಬಲದ್ದೂ ಕೆಳಗೆ ಬರಬೇಕೆಂದಿಲ್ಲ. ತಿರುವುಗಳಲ್ಲಿ ಎರಡು ಚಕ್ರ ಬೇರೆ ಬೇರೆ ಸುತ್ತು ಸುತ್ತಿರುತ್ತವೆ. ಒಂದು ಕಡೆ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಯಂತ್ರವನ್ನು ಅರ್ಧ ಅಡಿ ಸರಿಸುವಾಗ ಪ್ಲಗ್ ಹಾಕಿದೆಯೇ, ಹುಡುಗ ಚಕ್ರದ ಬಳಿ ಕೂತಿದ್ದಾನೆಯೇ ನೋಡಿಕೊಂಡೇ ಇಂಜಿನ್ ಶುರು ಮಾಡಿ.

ಇಳಿಸಿದ ಹಳೇ ಆಯಿಲ್‌ನಲ್ಲಿ ಏನು ನೋಡಬೇಕು?

ನಮ್ಮ ಅಭಿಪ್ರಾಯದಲ್ಲಿ ಇಡೀ ಕೆಲಸದಲ್ಲಿ ಹೆಚ್ಚು ಬೆಲೆ ಬಾಳುವುದು ಈ ಐದು ನಿಮಿಷ. ಹೊಸ ಆಯಿಲ್ ಎಂಥದ್ದು ಎಂದು ಬಕೆಟ್ ಹೇಳುತ್ತದೆ. ಆಕ್ಸಲ್ ಒಳಗೆ ಏನು ನಡೆದಿದೆ ಎಂದು ಹೇಳುವುದು ಹೊರಗೆ ಬಂದ ಆಯಿಲ್ ಮಾತ್ರ. ಮೂರೂ ಕಡೆಯ ಆಯಿಲನ್ನು ಒಂದೇ ಟಬ್ಬಿಗೆ ಸುರಿದರೆ ಆ ಮಾಹಿತಿಯೆಲ್ಲ ಕಲಸಿಹೋಗುತ್ತದೆ. ಎಡ ಹಬ್, ಬಲ ಹಬ್, ನಡುವಿನ ಹೌಸಿಂಗ್, ಮೂರನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ಹಿಡಿಯಿರಿ.

ಮೊದಲು ಅಯಸ್ಕಾಂತ. ಅದಕ್ಕೆ ಮೆತ್ತಿದ ಕರಿ ಬೂದು ಬಣ್ಣದ ಪೇಸ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ. ನುಣ್ಣಗೆ ಜಾರಿ ಬೆರಳು ಕಪ್ಪಾದರೆ ಅದು ಸಹಜ ಸವೆತ. ಮರಳಿನಂತೆ ಕರಕರ ಎಂದರೆ ಗಮನ ಕೊಡಬೇಕಾದ ಸ್ಥಿತಿ. ಬೆಳಕಿಗೆ ಹಿಡಿದಾಗ ಮಿನುಗುವ ತೆಳು ಚಕ್ಕೆಗಳು ಕಂಡರೆ ಬೇರಿಂಗ್ ಅಥವಾ ಗೇರ್ ಹಲ್ಲಿನ ಮೈ ಎದ್ದು ಬರುತ್ತಿದೆ. ಉಗುರಿನಷ್ಟು ತುಂಡು, ಮುರಿದ ಅಂಚು ಸಿಕ್ಕರೆ ಹೊಸ ಆಯಿಲ್ ಬಕೆಟ್ ತೆರೆಯಲೇಬೇಡಿ, ಆಕ್ಸಲ್ ಬಿಚ್ಚಿಸಿ. ತುಂಡು ಒಂದೇ ಇದ್ದರೂ ಅದು ಎಲ್ಲಿಂದಲೋ ಬಂದಿದೆ, ಇನ್ನೆಲ್ಲೋ ಸಿಕ್ಕಿಕೊಂಡು ಕ್ರೌನ್ ಹಲ್ಲನ್ನೂ ಮುರಿಯುತ್ತದೆ.

ಅಯಸ್ಕಾಂತಕ್ಕೆ ಅಂಟದ, ಹಳದಿ ಮಿಶ್ರಿತ ಪುಡಿ ಡಬ್ಬಿಯ ತಳದಲ್ಲಿದ್ದರೆ ಅದು ಕಂಚು, ಅಂದರೆ ಥ್ರಸ್ಟ್ ವಾಷರ್ ಅಥವಾ ಕೆಲವು ಬಗೆಯ ಬ್ರೇಕ್ ಪ್ಲೇಟಿನ ಮೈ.

ಆಮೇಲೆ ಬಣ್ಣ ಮತ್ತು ವಾಸನೆ. ಬ್ರೇಕ್ ಇರುವ ಹೌಸಿಂಗ್‌ನ ಆಯಿಲ್ ಕಪ್ಪಾಗಿ ಬಂದರೆ ಗಾಬರಿ ಬೇಡ, ಪ್ಲೇಟ್ ಸವೆದ ಪುಡಿ ಅದನ್ನು ಕಪ್ಪಾಗಿಸುತ್ತದೆ. ಗಂಧಕದ ವಾಸನೆ ಗೇರ್ ಆಯಿಲ್‌ಗೆ ಹುಟ್ಟಿನಿಂದಲೇ ಇದೆ. ಸುಟ್ಟ ಕಮಟು ವಾಸನೆ ಬೇರೆ, ಅದು ಬಂದರೆ ಬ್ರೇಕ್ ಪೂರ್ತಿ ಬಿಡುತ್ತಿಲ್ಲ, ಅಥವಾ ಆಯಿಲ್ ಕಡಿಮೆಯಿದ್ದು ಓಡಿದೆ. ಬಣ್ಣ ಹಾಲು ಬೆರೆಸಿದ ಚಹಾದಂತೆ ಆಗಿದ್ದರೆ ನೀರು ಹೊಕ್ಕಿದೆ.

ಎಡ ಹಬ್ಬಿನದು ಚೆನ್ನಾಗಿದ್ದು ಬಲ ಹಬ್ಬಿನದು ಮಾತ್ರ ಕೆಟ್ಟಿದ್ದರೆ ನಿಮ್ಮ ಖರ್ಚು ಅರ್ಧ ಉಳಿಯಿತು. ಯಾವ ಕಡೆ ಬಿಚ್ಚಬೇಕು ಎಂದು ಈಗಲೇ ಗೊತ್ತಾಯಿತಲ್ಲ.

ಕೆರೆ ಹೂಳೆತ್ತುವ ಕೆಲಸದಲ್ಲಿ ಯಂತ್ರ ನೀರಿನಲ್ಲಿ ನಿಲ್ಲುತ್ತದೆ. ವಿಶೇಷವಾಗಿ ಏನು ಮಾಡಬೇಕು?

ಬೇಸಿಗೆ ಬಂತೆಂದರೆ ಕೆರೆಗಳಲ್ಲಿ ಜೆಸಿಬಿಗಳ ಸಾಲು. ಮೇಲೆ ಒಣಗಿದಂತೆ ಕಂಡರೂ ಒಳಗೆ ಕೆಸರು, ಹಬ್ ಮುಳುಗುವಷ್ಟು. ಬೆಳಗಿನಿಂದ ಓಡಿ ಬಿಸಿಯಾದ ಹಬ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆಯುತ್ತದೆ. ಸೀಲ್ ಸ್ವಲ್ಪ ಸವೆದಿದ್ದರೂ ಸಾಕು, ನೀರು ಒಳಗೆ. ಜೊತೆಗೆ ಕೆರೆಯ ನಯವಾದ ಜೇಡಿ ಬರುತ್ತದೆ, ಅದು ಬೇರಿಂಗನ್ನು ಉಜ್ಜಿ ಹಾಕುತ್ತದೆ.

ಇಂಥ ಕೆಲಸ ನಡೆಯುವಾಗ ವಾರಕ್ಕೊಮ್ಮೆ ಬೆಳಗ್ಗೆ, ಯಂತ್ರ ರಾತ್ರಿಯೆಲ್ಲ ನಿಂತ ಮೇಲೆ, ಡ್ರೈನ್ ಪ್ಲಗ್ಗನ್ನು ತುಸು ಸಡಿಲಿಸಿ. ನೀರು ಆಯಿಲ್‌ಗಿಂತ ಭಾರ, ತಳಕ್ಕೆ ಇಳಿದಿದ್ದರೆ ಮೊದಲು ಬರುವುದು ಅದೇ. ಅನುಮಾನವಿದ್ದರೆ ಕಾದ ತವಾದ ಮೇಲೆ ಒಂದೆರಡು ಹನಿ ಬಿಡಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ದೂರದಿಂದ. ನೀರಿದ್ದರೆ ಚಟಪಟ ಎನ್ನುತ್ತದೆ, ಶುದ್ಧ ಆಯಿಲ್ ಸುಮ್ಮನೆ ಹರಡುತ್ತದೆ.

ನೀರು ಸಿಕ್ಕಿದರೆ ಗಂಟೆ ಲೆಕ್ಕ ಬಿಟ್ಟು ಅಂದೇ ಬದಲಿಸಿ. ಕೆರೆ ಕೆಲಸ ಮುಗಿದ ದಿನ ಏನೂ ಕಾಣದಿದ್ದರೂ ಹಬ್‌ಗಳ ಆಯಿಲ್ ಬದಲಿಸುವುದು ಜಾಣತನ. ಹಬ್ಬಿಗೆ ಹಿಡಿಯುವುದು ಕೆಲವೇ ಲೀಟರ್, ಆ ಖರ್ಚನ್ನು ಕೆರೆ ಕೆಲಸದ ರೇಟ್ ಮಾತಾಡುವಾಗಲೇ ಸೇರಿಸಿಕೊಳ್ಳಿ. ಕರಾವಳಿಯ ಉಪ್ಪುನೀರಿನಲ್ಲಿ ನಿಂತ ಯಂತ್ರಕ್ಕಂತೂ ಒಂದು ದಿನವೂ ತಡ ಬೇಡ.

ಒಳಗೆ ಡೀಸೆಲ್ ಹಾಕಿ ತೊಳೆಯಬಹುದೇ?

ಎಲ್ಲಾ ಗ್ಯಾರೇಜಿನಲ್ಲೂ ಮಾಡುತ್ತಾರೆ, ಆದರೂ ಬೇಡ. ಆಕ್ಸಲ್ ಒಳಗೆ ಮೂಲೆಗಳು ಬಹಳ, ಹಾಕಿದ ಡೀಸೆಲ್ ಪೂರ್ತಿ ಹೊರಗೆ ಬರುವುದಿಲ್ಲ. ಉಳಿದದ್ದು ಹೊಸ ಆಯಿಲನ್ನು ತೆಳುವಾಗಿಸುತ್ತದೆ. ನೀರು ಅಥವಾ ಕೆಸರು ಹೊಕ್ಕಿದ್ದರೆ ಅದೇ ದರ್ಜೆಯ ಆಯಿಲ್ ತುಂಬಿ, ಭಾರವಿಲ್ಲದೆ ಸ್ವಲ್ಪ ಹೊತ್ತು ಓಡಿಸಿ, ಇಳಿಸಿ, ಮತ್ತೆ ಹೊಸದು ತುಂಬಿ. ದುಬಾರಿ ಎನಿಸುತ್ತದೆ. ಬೇರಿಂಗ್ ಸೆಟ್‌ನ ಬೆಲೆ ಕೇಳಿದ ಮೇಲೆ ಹಾಗೆ ಎನಿಸುವುದಿಲ್ಲ.

ಎಷ್ಟು ಲೀಟರ್ ಬೇಕು? ಸ್ವಲ್ಪ ಹೆಚ್ಚೇ ಇದ್ದರೆ ಒಳ್ಳೆಯದಲ್ಲವೇ?

ಬ್ಯಾಕ್‌ಹೋದ ಹಿಂದಿನ ಆಕ್ಸಲ್‌ಗೆ ಹಬ್‌ಗಳೂ ಸೇರಿ ಸುಮಾರು 15 ರಿಂದ 20 ಲೀಟರ್. ದೊಡ್ಡ ವೀಲ್ ಲೋಡರ್‌ಗಳಲ್ಲಿ ಒಂದೊಂದು ಆಕ್ಸಲ್‌ಗೇ 40 ಲೀಟರ್ ಆಸುಪಾಸು. ಆಯಿಲ್ ತರಿಸಲು ಈ ಅಂದಾಜು ಸಾಕು, ತುಂಬುವಾಗ ಮಾತ್ರ ಮಟ್ಟದ ರಂಧ್ರವೇ ಅಳತೆ.

ಹೆಚ್ಚು ಒಳ್ಳೆಯದಲ್ಲ. ಗೇರ್‌ಗಳು ಹೆಚ್ಚಿನ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ, ನೊರೆಯಲ್ಲಿರುವ ಗಾಳಿ ಗೇರ್ ಹಲ್ಲನ್ನು ಕಾಯುವುದಿಲ್ಲ. ಬಿಸಿ ಏರುತ್ತದೆ, ಒತ್ತಡ ಸೀಲಿಗೆ ಬೀಳುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿ ಮಟ್ಟ ನೋಡುವುದರಿಂದಲೇ ಹೆಚ್ಚು ತುಂಬುವ ತಪ್ಪು ಆಗುವುದು. ಇಳಿಸಿದ್ದು ಎಷ್ಟು, ತುಂಬಿದ್ದು ಎಷ್ಟು ಎಂದು ಬರೆದಿಟ್ಟರೆ ಮುಂದಿನ ಸಲ ಸೋರಿಕೆ ಇದೆಯೋ ಇಲ್ಲವೋ ಹಾಳೆಯೇ ಹೇಳುತ್ತದೆ.

ಹಬ್ ಸೀಲ್ ಹೊಸದು ಹಾಕಿದ ತಿಂಗಳಿಗೇ ಮತ್ತೆ ಸೋರುತ್ತಿದೆ. ಸೀಲ್ ಡೂಪ್ಲಿಕೇಟ್ ಇರಬಹುದೇ?

ಇರಬಹುದು. ಅದಕ್ಕೂ ಮುಂಚೆ ಬ್ರೀದರ್ ನೋಡಿ. ಆಕ್ಸಲ್ ಹೌಸಿಂಗ್ ಮೇಲೆ ಹೆಬ್ಬೆರಳಿಗಿಂತ ಚಿಕ್ಕದಾದ ಒಂದು ಟೋಪಿ ಇರುತ್ತದೆ. ಬಿಸಿಯಾದ ಗಾಳಿ ಹೊರಗೆ ಹೋಗಲು ಇರುವ ದಾರಿ ಅದೊಂದೇ. ಅದರ ಮೇಲೆ ಒಂದಿಂಚು ಮಣ್ಣು ಗಟ್ಟಿಯಾಗಿ ಕೂತಿದ್ದರೆ ಒಳಗಿನ ಒತ್ತಡ ಸೀಲನ್ನೇ ದಾರಿ ಮಾಡಿಕೊಳ್ಳುತ್ತದೆ. ಎಷ್ಟು ಸೀಲ್ ಬದಲಿಸಿದರೂ ಅಷ್ಟೇ. ಬ್ರೀದರ್ ಬಿಚ್ಚಿ, ತೊಳೆದು, ಊದಿ ನೋಡಿ, ಗಾಳಿ ಸಲೀಸಾಗಿ ಹೋಗಬೇಕು. ಪ್ರತಿ ಆಯಿಲ್ ಬದಲಾವಣೆಯಲ್ಲೂ ಇದನ್ನು ಮಾಡಿಸಿ. ಬ್ರೀದರ್ ಸರಿಯಿದ್ದೂ ಸೋರಿದರೆ ಶಾಫ್ಟ್ ಮೇಲೆ ಸೀಲ್ ಕೂರುವ ಜಾಗದಲ್ಲಿ ಉಗುರು ಎಳೆದು ನೋಡಿ. ಗೀರು ಬಿದ್ದಿದ್ದರೆ ಉಗುರಿಗೆ ತಾಗುತ್ತದೆ.

ಆಕ್ಸಲ್ ಆಯಿಲ್ ತಾನಾಗಿ ಹೆಚ್ಚುತ್ತಿದೆ! ಹೇಗೆ ಸಾಧ್ಯ?

ಮುಖ್ಯವಾಗಿ ಎರಡು ದಾರಿ. ಒಂದು ನೀರು. ಇನ್ನೊಂದು ಬ್ರೇಕ್ ಪಿಸ್ಟನ್ ಸೀಲ್: ಅದು ಹರಿದರೆ ಬ್ರೇಕ್ ಆಯಿಲ್ ನೇರ ಆಕ್ಸಲ್‌ಗೆ ಇಳಿಯುತ್ತದೆ. ಮೇಲೆ ಬ್ರೇಕ್ ಡಬ್ಬಿಯಲ್ಲಿ ಕಡಿಮೆಯಾಗುತ್ತಿದ್ದು, ಹೊರಗೆಲ್ಲೂ ಸೋರಿಕೆ ಕಾಣದೆ, ಆಕ್ಸಲ್ ಮಟ್ಟ ಏರುತ್ತಿದ್ದರೆ ರೋಗ ಇದೇ. ಹಲವು ಬ್ಯಾಕ್‌ಹೋಗಳ ಬ್ರೇಕಿಗೆ ಖನಿಜ ತೈಲ ಬೇಕು. ಕಾರಿನ ಡಾಟ್ ಬ್ರೇಕ್ ಆಯಿಲ್ ಹಾಕಿದರೆ ಆ ರಬ್ಬರ್ ಸೀಲ್‌ಗಳು ಊದಿಕೊಂಡು ಹಾಳಾಗುತ್ತವೆ. ಬ್ರೇಕ್ ಡಬ್ಬಿಗೆ ಯಾರು ಏನು ಸುರಿದರು ಎಂದು ಆಪರೇಟರನ್ನು ಬೈಯದೆ ಕೇಳಿ, ನಿಜ ಹೊರಬರುತ್ತದೆ.

ಹಿಟಾಚಿಗೆ, ಅಂದರೆ ಚೈನ್ ಯಂತ್ರಕ್ಕೆ ಆಕ್ಸಲ್ ಇದೆಯೇ?

ಇಲ್ಲ. ಆದರೆ ಎರಡೂ ಚೈನಿನ ತುದಿಯಲ್ಲಿ ಟ್ರಾವೆಲ್ ಮೋಟರ್ ಜೊತೆಗೆ ಫೈನಲ್ ಡ್ರೈವ್ ಎಂಬ ಪ್ಲಾನೆಟರಿ ಪೆಟ್ಟಿಗೆ ಇದೆ, ಅದಕ್ಕೂ ಆಯಿಲ್ ಬೇಕು. ಒಂದು ಕಂಪನಿ ಅಲ್ಲಿಗೆ ಎಸ್‌ಎಇ 90 ಗೇರ್ ಆಯಿಲ್ ಹೇಳಿದರೆ ಇನ್ನೊಂದು ಎಸ್‌ಎಇ 30 ದರ್ಜೆಯದನ್ನು ಹೇಳುತ್ತದೆ. ಪಕ್ಕದ ಯಂತ್ರ ನೋಡಿ ಹಾಕಬೇಡಿ. ಹಿಡಿಯುವುದು ಕೆಲವೇ ಲೀಟರ್. ಮೋಟರ್ ಸೀಲ್ ಹೋದರೆ ಹೈಡ್ರಾಲಿಕ್ ಆಯಿಲ್ ಇದರೊಳಗೆ ನುಗ್ಗಿ ಮಟ್ಟ ಏರುತ್ತದೆ.

ಗ್ರೇಡರ್, ಟ್ರಾನ್ಸಿಟ್ ಮಿಕ್ಸರ್?

ಗ್ರೇಡರ್‌ನಲ್ಲಿ ಡಿಫರೆನ್ಷಿಯಲ್ ಬೇರೆ, ಎರಡೂ ಬದಿಯಲ್ಲಿ ಹಿಂದಿನ ಜೋಡಿ ಚಕ್ರಗಳನ್ನು ತಿರುಗಿಸುವ ಟ್ಯಾಂಡಮ್ ಪೆಟ್ಟಿಗೆ ಬೇರೆ, ಆಯಿಲ್ ದರ್ಜೆಯೂ ಬೇರೆ ಇರಬಹುದು. ಮಿಕ್ಸರ್‌ನ ಆಕ್ಸಲ್ ಲಾರಿಯದೇ, ಅಲ್ಲಿ ಕಿಲೋಮೀಟರ್ ಲೆಕ್ಕ.

ಲ್ಯಾಬಿಗೆ ಆಯಿಲ್ ಕಳಿಸುವುದು ಸಣ್ಣ ಮಾಲೀಕರಿಗೆ ಲಾಭವೇ?

ಒಂದೇ ಜೆಸಿಬಿ ಇದ್ದು, ಅಯಸ್ಕಾಂತ ಸ್ವಚ್ಛವಾಗಿದ್ದರೆ ಅಗತ್ಯವಿಲ್ಲ. ಕ್ವಾರಿಯಲ್ಲಿ ನಾಲ್ಕಾರು ಲೋಡರ್ ಓಡಿಸುವವರಿಗೆ ಖಂಡಿತ ಲಾಭ. ಕ್ಯಾಟರ್‌ಪಿಲ್ಲರ್‌ನ ಎಸ್ಒಎಸ್, ಕೊಮಾಟ್ಸುವಿನ ಕೋವಾ ಇಂಥ ಪರೀಕ್ಷೆಗಳೇ, ಖಾಸಗಿ ಲ್ಯಾಬ್‌ಗಳೂ ಮಾಡುತ್ತವೆ. ಧಾರೆ ಅರ್ಧ ಇಳಿದಾಗ ಸ್ವಚ್ಛ ಬಾಟಲಿಯಲ್ಲಿ ಹಿಡಿಯಿರಿ. ಮೊದಲ ಧಾರೆಯಲ್ಲಿ ತಳದ ಕೆಸರು ಬರುತ್ತದೆ, ಲೆಕ್ಕ ತಪ್ಪುತ್ತದೆ. ವರದಿಯಲ್ಲಿ ಕಬ್ಬಿಣ ಏರಿದರೆ ಗೇರ್ ಅಥವಾ ಬೇರಿಂಗ್, ತಾಮ್ರ ಏರಿದರೆ ಕಂಚಿನ ಭಾಗ ಅಥವಾ ಬ್ರೇಕ್ ಪ್ಲೇಟ್, ಸಿಲಿಕಾನ್ ಏರಿದರೆ ಧೂಳು. ಒಂದು ವರದಿಯಿಂದ ಹೆಚ್ಚೇನೂ ತಿಳಿಯದು, ಮೂರನೆಯದರ ಹೊತ್ತಿಗೆ ಯಂತ್ರ ಯಾವ ಕಡೆ ಹೋಗುತ್ತಿದೆ ಎಂದು ಕಾಣುತ್ತದೆ.

ಹಳೇ ಆಯಿಲ್ ಸೆಂಟ್ರಿಂಗ್‌ನವರು ಕೇಳುತ್ತಾರೆ. ಕೊಡಬಹುದೇ?

ಸುಟ್ಟ ಆಯಿಲ್ ಸೆಂಟ್ರಿಂಗ್ ಹಲಗೆಗೆ, ಬೇಲಿ ಗೂಟಕ್ಕೆ, ಗೆದ್ದಲಿಗೆ ಬಳಿಯುವುದು ಹಳೇ ರೂಢಿ. ಹಲಗೆಗೆ ಬಳಿದರೆ ಸ್ಲ್ಯಾಬಿನ ತಳ ಕಲೆಯಾಗಿ, ಮೇಲೆ ಹಾಕಿದ ಪ್ಲಾಸ್ಟರ್ ಸರಿಯಾಗಿ ಹಿಡಿಯುವುದಿಲ್ಲ. ಗೂಟಕ್ಕೆ ಬಳಿದದ್ದು ಮಳೆಗೆ ತೊಳೆದು ಹೊಲಕ್ಕೆ, ಬಾವಿಗೆ ಇಳಿಯುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ, ಅದು ಅನುಮತಿ ಪಡೆದ ಮರುಸಂಸ್ಕರಣೆಯವರಿಗೇ ಹೋಗಬೇಕು. ಮುಚ್ಚಳವಿರುವ ಬ್ಯಾರಲ್‌ನಲ್ಲಿ, ನೀರು ಬೆರೆಯದಂತೆ ಕೂಡಿಸಿಡಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರು ಯಾರೆಂದು ವಿಚಾರಿಸಿ ಕೊಡಿ, ರಸೀದಿ ಇಟ್ಟುಕೊಳ್ಳಿ.

ಸೆಕೆಂಡ್ ಹ್ಯಾಂಡ್ ಜೆಸಿಬಿ ನೋಡಲು ಹೋಗುತ್ತಿದ್ದೇನೆ. ಆಕ್ಸಲ್‌ನಲ್ಲಿ ಏನು ನೋಡಲಿ?

ಮಾರುವವರು ಇಂಜಿನ್ ಶುರು ಮಾಡಿ ತೋರಿಸುತ್ತಾರೆ, ಹೊಸ ಬಣ್ಣ ಹೊಡೆಸಿರುತ್ತಾರೆ. ನೀವು 17, 19ರ ಸ್ಪ್ಯಾನರ್, ಅಲೆನ್ ಕೀ, ಒಂದು ಪಾರದರ್ಶಕ ಬಾಟಲಿ, ಹಳೇ ಬಟ್ಟೆ ತೆಗೆದುಕೊಂಡು ಹೋಗಿ. ಮೊದಲು ಅರ್ಧ ಗಂಟೆ ಓಡಿಸಿ, ಎರಡೂ ಹಿಂದಿನ ಹಬ್‌ಗಳ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಹೋಲಿಸಿ. ಒಂದು ಹಬ್ ಇನ್ನೊಂದಕ್ಕಿಂತ ಎದ್ದುಕಾಣುವಷ್ಟು ಬಿಸಿ ಇದ್ದರೆ ಕಾರಣ ಕೇಳಿ. ಚಕ್ರದ ಒಳಮೈಯಲ್ಲಿ ಆಯಿಲ್ ಮೇಲೆ ಧೂಳು ಕೂತ ಕರಿ ಪಟ್ಟೆ ಇದೆಯೇ, ಅಥವಾ ಅಲ್ಲಿ ಮಾತ್ರ ಈಗಷ್ಟೇ ತೊಳೆದಂತಿದೆಯೇ ಎಂದೂ ನೋಡಿ. ಆಮೇಲೆ ಮಾಲೀಕರ ಎದುರೇ ಎರಡೂ ಹಬ್ ಮತ್ತು ನಡುವಿನ ಹೌಸಿಂಗ್‌ನಿಂದ ಸ್ವಲ್ಪ ಸ್ವಲ್ಪ ಆಯಿಲ್ ಇಳಿಸಿ ನೋಡಲು ಅನುಮತಿ ಕೇಳಿ. ಆಯಿಲ್ ಹೊಚ್ಚ ಹೊಸದಾಗಿದ್ದರೆ ಸಂತೋಷಪಡುವ ಮುನ್ನ ಯಾವಾಗ, ಯಾಕೆ ಬದಲಿಸಿದರು ಎಂದು ಕೇಳಿ, ಬಿಲ್ ನೋಡಿ. ಪ್ಲಗ್ ಬಿಚ್ಚಲು ಬಿಡುವುದಿಲ್ಲ ಎಂದರೆ, ರೇಟ್ ಮಾತಾಡುವಾಗ ಒಂದು ಆಕ್ಸಲ್ ರಿಪೇರಿಯ ಹಣ ಕಳೆದೇ ಮಾತಾಡಿ.